ಡೊಳ್ಳು ನಿಲ್ಲಿಸಿದ ಸೋದರಮಾವ

ಬೀದರಿನ ನೌಬಾದದಲ್ಲಿ ಶಬ್ದದ ಕಾಯಿದೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದ ಮನುಷ್ಯ ಯಾರಾದರೂ ಇದ್ದರೆ ಅದು ನಾನೊಬ್ಬನೇ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಸರ್ಕಾರಿ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿದ್ದೇನೆ. ಓದದೆ ಒಂದು ಕಾಗದವನ್ನೂ ಮುಂದಿನ ಟೇಬಲ್ಲಿಗೆ ದಾಟಿಸಿದವನಲ್ಲ. ಹಾಗಿರುವಾಗ ನಮ್ಮ ಓಣಿಯಲ್ಲಿ ಯಾರೋ ಬೋರ್‌ವೆಲ್ ಕೊರೆಸಲು ಶುರು ಮಾಡಿ ಮೂರು ದಿನ ಕಿವಿ ತೂತು ಮಾಡಿದಾಗ, ನಾನು ಉಳಿದವರಂತೆ ಶಾಪ ಹಾಕುತ್ತಾ ಕೂರಲಿಲ್ಲ. ಕಾಯಿದೆಯನ್ನು ತರಿಸಿ ಓದಿದೆ.

ಓದಿದ ಮೇಲೆ ಸುಮ್ಮನಿರುವುದು ಹೇಗೆ? ವಸತಿ ಪ್ರದೇಶದಲ್ಲಿ ಹಗಲಿಗೆ ಐವತ್ತೈದು ಡೆಸಿಬಲ್, ರಾತ್ರಿಗೆ ನಲವತ್ತೈದು. ಹಗಲು ಅಂದರೆ ಬೆಳಿಗ್ಗೆ ಆರರಿಂದ ರಾತ್ರಿ ಹತ್ತು. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ. ಆ ವಲಯದಲ್ಲಿ ಹಾರ್ನ್ ಹೊಡೆಯುವಂತಿಲ್ಲ, ಡೋಲು ಬಾರಿಸುವಂತಿಲ್ಲ. ಇಷ್ಟನ್ನೂ ಬಾಯಿಪಾಠ ಮಾಡಿದೆ. ಮೊಬೈಲಿನಲ್ಲಿ ಶಬ್ದ ಅಳೆಯುವ ಆ್ಯಪ್ ಹಾಕಿಸಿಕೊಂಡೆ. ಮೊದಲು ಅಳೆದದ್ದು ನಮ್ಮದೇ ಮನೆಯ ಕುಕ್ಕರನ್ನು. ಅದು ಎಪ್ಪತ್ತು ದಾಟಿತು! ಕೂಡಲೇ ನನ್ನ ಹೆಂಡತಿ ಲಲಿತಾಗೆ ಇನ್ನು ಮುಂದೆ ಎರಡೇ ಸೀಟಿ ಎಂದು ಆದೇಶ ಕೊಟ್ಟೆ. ಅವಳು ಆ ವಾರವಿಡೀ ನನಗೆ ಎರಡು ಸೀಟಿಯ ತೊಗರಿಬೇಳೆ ಬಡಿಸಿ, ತಾನು ಮೊಸರು ಕಲಸಿಕೊಂಡು ಉಂಡಳು. ಭಾನುವಾರ ನಾನೇ ಆದೇಶ ಹಿಂತೆಗೆದುಕೊಂಡೆ.

ಎರಡನೆಯದಾಗಿ ಅಳೆದದ್ದು ಪಕ್ಕದ ಮನೆಯ ಸಲೋಮಿ ಸಿಸ್ಟರ್ ಅವರ ಹಾಡನ್ನು. ಸಿಸ್ಟರ್ ಮೂವತ್ತು ವರ್ಷ ನರ್ಸ್ ಆಗಿ ದುಡಿದು ನಿವೃತ್ತರಾದವರು. ಶನಿವಾರ ಸಂಜೆ ಅವರ ಮನೆಯಲ್ಲಿ ಚರ್ಚಿನ ಹೆಣ್ಣುಮಕ್ಕಳು ಸೇರಿ ಮರುದಿನದ ಹಾಡು ಅಭ್ಯಾಸ ಮಾಡುತ್ತಾರೆ. ಕಂಪೌಂಡ್ ಗೋಡೆಯ ಮೇಲಿಂದ ಮೊಬೈಲು ಹಿಡಿದು ಅಳೆದು, ಒಳಗೆ ಹೋಗಿ, ದೇವರ ಸ್ತುತಿ ಎಂಟು ಡೆಸಿಬಲ್ ಹೆಚ್ಚಾಗುತ್ತಿದೆ ಎಂದು ವಿನಯದಿಂದಲೇ ತಿಳಿಸಿದೆ. ಅಲ್ಲಿಂದ ಮುಂದೆ ಸಿಸ್ಟರ್ ನನ್ನ ಹತ್ತಿರ ನಮಸ್ಕಾರಕ್ಕಿಂತ ಹೆಚ್ಚು ಮಾತಾಡುವುದನ್ನು ಬಿಟ್ಟರು. ಕಾಯಿದೆ ತಿಳಿದವನಿಗೆ ಇಂಥ ಸಣ್ಣಪುಟ್ಟ ನಷ್ಟ ಸಹಜ ಎಂದುಕೊಂಡೆ.

ಹೀಗಿರುವಾಗ ಭಾಲ್ಕಿಯಿಂದ ಅಕ್ಕನ ಫೋನು ಬಂತು. ಅವಳ ಮಗಳು ಅಶ್ವಿನಿಯ ಲಗ್ನ ಗೊತ್ತಾಗಿದೆ, ಗಂಡಿನವರು ಔರಾದ ಕಡೆಯವರು, ಇಬ್ಬರಿಗೂ ಅನುಕೂಲವೆಂದು ಬೀದರಿನಲ್ಲೇ ಫಂಕ್ಷನ್ ಹಾಲ್ ಹಿಡಿದಿದ್ದಾರೆ ಎಂಬ ಸುದ್ದಿ. ಅಶ್ವಿನಿ ಬಿ.ಎಡ್. ಓದುವಾಗ ಎರಡು ವರ್ಷ ನಮ್ಮ ಮನೆಯಲ್ಲೇ ಇದ್ದಳು. ನಮಗೆ ಇರುವವನು ಒಬ್ಬನೇ ಮಗ, ಅವನಿಗೆ ಮಾತು ಕಡಿಮೆ. ಆ ಎರಡು ವರ್ಷ ನಮ್ಮ ಮನೆಯಲ್ಲಿ ಮಾತು, ನಗು, ಜಗಳ ಎಲ್ಲ ಇತ್ತು. ಅವಳು ನನಗೆ ಮಗಳೇ. ನಮ್ಮ ಕಡೆ ಅಕ್ಷತೆ ಬೀಳುವ ಹೊತ್ತಿಗೆ ಹುಡುಗಿಯ ಬೆನ್ನ ಹಿಂದೆ ಸೋದರಮಾವ ನಿಲ್ಲಬೇಕು. ಅವನಿಲ್ಲದೆ ಲಗ್ನ ಮುಂದಕ್ಕೆ ಹೋಗುವುದಿಲ್ಲ. ಆ ಜಾಗದಲ್ಲಿ ನಿಲ್ಲುವುದಕ್ಕೆಂದೇ ನಾನು ಹೊಸ ಕೋಟು ಹೊಲಿಸಿದೆ.

ಅಕ್ಕ ಇನ್ನೊಂದು ಕೆಲಸವನ್ನೂ ಒಪ್ಪಿಸಿದಳು. "ಮೆರವಣಿಗಿಗೆ ಪೊಲೀಸರ ಪರವಾನಿಗಿ ಬೇಕಂತ. ಕಾಯ್ದೆ ಕಾನೂನ ನಿನಗ ಗೊತ್ತದ ಅಂತ ಬೀಗರ ಮುಂದ ಹೇಳೀನಿ. ನನ್ನ ಮಾನ ನಿನ್ನ ಕೈಯಾಗದ ಮಾಳಪ್ಪ" ಎಂದಳು. ಇಷ್ಟು ಸಾಕಾಯಿತು. ಮಾರನೆಯ ದಿನವೇ ಸ್ಟೇಷನ್ನಿಗೆ ಹೋಗಿ ಅರ್ಜಿ ಕೊಟ್ಟೆ. ಪರವಾನಗಿ ನನ್ನ ಹೆಸರಿಗೇ ಬಂತು. ಅದರ ಬೆನ್ನಿಗೆ ಅಚ್ಚಾಗಿದ್ದ ಷರತ್ತುಗಳನ್ನೆಲ್ಲ ಓದಿ, ಪ್ರತಿಯೊಂದರ ಮುಂದೆಯೂ ಸಹಿ ಹಾಕಿದೆ. ಕೆಳಗೆ ಒಂದೇ ಸಹಿ ಸಾಕಿತ್ತಂತೆ.

ಗಂಡಿನವರೂ ನಮ್ಮ ಹಾಗೆಯೇ ಕುರಿ ಸಾಕಿದ ಮನೆತನದವರು. ವರ ಮೊದಲು ಹನುಮಪ್ಪನ ಗುಡಿಗೆ ಹೋಗಿ ಕೈಮುಗಿಯಬೇಕು. ಅಲ್ಲಿಂದ ಡೊಳ್ಳು ಎದ್ದಿತೆಂದರೆ ಮಂಟಪ ಮುಟ್ಟುವ ತನಕ ನಿಲ್ಲಬಾರದು. ನಾನು ಹುಟ್ಟಿದ ಎಕಂಬಾದಲ್ಲೂ ಇದೇ ಪದ್ಧತಿ. ಸಣ್ಣವನಿದ್ದಾಗ ನಾನೂ ಕೊರಳಿಗೆ ಡೊಳ್ಳು ಹಾಕಿಕೊಂಡು ಬಾರಿಸಿದವನೇ. ಆದರೆ ಗುಡಿಯಿಂದ ಹಾಲಿಗೆ ಬರುವ ದಾರಿಯ ನಟ್ಟನಡುವೆ ಒಂದು ಆಸ್ಪತ್ರೆಯಿತ್ತು. ಹಳ್ಳಿಯ ಪದ್ಧತಿ ಒಂದು ಕಡೆ, ಪಟ್ಟಣದ ಕಾಯಿದೆ ಇನ್ನೊಂದು ಕಡೆ. ಟಪಾಲು ವಿಭಾಗದವನು ಯಾವ ಕಡೆ ನಿಲ್ಲುತ್ತಾನೆಂದು ಬೇರೆ ಹೇಳಬೇಕಾಗಿಲ್ಲ.

ಲಗ್ನಕ್ಕೆ ನಾಲ್ಕು ದಿನ ಮೊದಲು ಆಸ್ಪತ್ರೆಯ ಗೇಟಿನಿಂದ ಎರಡೂ ಕಡೆ ನೂರು ನೂರು ಮೀಟರ್ ಅಳೆಯಲು ಹೋದೆ. ಗಾರೆ ಕೆಲಸದ ಗೌಂಡಿಯೊಬ್ಬನಿಂದ ತಂದ ಟೇಪು ಹದಿನೈದು ಮೀಟರಿನದು. ಅದನ್ನು ರಸ್ತೆಯ ಮೇಲೆ ಹಾಸುತ್ತಾ, ಸುಣ್ಣದ ಕಡ್ಡಿಯಿಂದ ಗುರುತು ಹಾಕುತ್ತಾ, ಕುಕ್ಕರಗಾಲಿನಲ್ಲಿ ಮುಂದೆ ಸಾಗಿದೆ. ಹಿಂದೆ ನಾಲ್ಕು ಆಟೋ, ಒಂದು ಕಬ್ಬಿನ ಟ್ರ್ಯಾಕ್ಟರು, ಒಂದು ಬಸ್ಸು ನಿಂತು ಒಂದೇ ಸಮನೆ ಹಾರ್ನ್ ಹೊಡೆದವು. ನಿಶ್ಶಬ್ದ ವಲಯದಲ್ಲಿ ಅಷ್ಟು ಗದ್ದಲ ಅದಕ್ಕೆ ಮೊದಲು ಆಗಿರಲಾರದು. ಆದರೆ ಆಸ್ಪತ್ರೆಯ ಒಳಗಿನಿಂದ ಮಾತ್ರ ಒಂದು ಕೆಮ್ಮಿನ ಸದ್ದೂ ಇಲ್ಲ! ನನಗೆ ಸಂತೋಷವಾಯಿತು. ನಮ್ಮ ಊರಿನಲ್ಲಿಯೂ ಕಾಯಿದೆಯನ್ನು ಇಷ್ಟು ಚೆನ್ನಾಗಿ ಪಾಲಿಸುವ ಸಂಸ್ಥೆ ಇದೆಯಲ್ಲ ಎಂದು ಲಲಿತಾಗೆ ಬಂದು ಹೇಳಿದೆ. ಅವಳು, ಗುಡಿಯ ಕಡೆಯೂ ಒಮ್ಮೆ ಹೋಗಿ ನೋಡಿ ಬರ್ರಿ, ಇಲ್ಲಾ ಸಲೋಮಿ ಸಿಸ್ಟರ್‌ಗಾದರೂ ಕೇಳ್ರಿ, ದವಾಖಾನೆ ವಿಷಯ ಅವರಿಗೆ ಗೊತ್ತಿರುತ್ತದೆ ಎಂದಳು. ಗುಡಿ ನಿಶ್ಶಬ್ದ ವಲಯದ ಪಟ್ಟಿಯಲ್ಲಿ ಬರುವುದಿಲ್ಲ, ಸಿಸ್ಟರ್ ಕಾಯಿದೆ ಓದಿಲ್ಲ ಎಂದು ಅವಳ ಎರಡೂ ಸಲಹೆಗಳನ್ನು ತಳ್ಳಿಹಾಕಿದೆ.

ಲಗ್ನದ ದಿನ ಬಂತು. ಮುಹೂರ್ತ ಹನ್ನೆರಡು ನಲವತ್ತಕ್ಕೆ. ಹನ್ನೊಂದಕ್ಕೆ ವರನನ್ನು ಗುಡಿಗೆ ಕಳಿಸಿದರು. ನಾನು ಜೊತೆಗೆ ಹೋಗಲಿಲ್ಲ. ಹೊಸ ಕೋಟು ಹಾಕಿಕೊಂಡು, ಕೈಯಲ್ಲಿ ಪರವಾನಗಿ ಹಿಡಿದು, ಆಸ್ಪತ್ರೆಯಿಂದ ಗುಡಿಯ ಕಡೆಗೆ ನಾನೇ ಎಳೆದ ಸುಣ್ಣದ ಗೆರೆಯ ಮೇಲೆ ನಿಂತೆ. ದೂರದಿಂದ ಡೊಳ್ಳಿನ ಸದ್ದು ಕೇಳಿತು. ಆರು ಡೊಳ್ಳು! ಎದೆ ತುಂಬಿ ಬಂತು, ಕಾಲು ತಾನಾಗಿಯೇ ಎತ್ತಿ ಇಡತೊಡಗಿತು. ಕಾಲಿಗೆ ಗದರಿಸಿ ನಿಲ್ಲಿಸಿದೆ. ಮೆರವಣಿಗೆ ಗೆರೆ ಮುಟ್ಟಿದ ಕೂಡಲೇ ಎರಡೂ ಕೈ ಅಗಲಿಸಿ ಅಡ್ಡ ನಿಂತು, ಇಲ್ಲಿಂದ ಇನ್ನೂರು ಮೀಟರ್ ಸದ್ದಿಲ್ಲದೆ ನಡೆಯಬೇಕೆಂದು ಸಾರಿದೆ.

ಡೊಳ್ಳು ನಿಂತಿತು. ಕುಣಿಯುತ್ತಿದ್ದವರು ಎತ್ತಿದ ಕೈ ಎತ್ತಿದಂತೆ ನಿಂತರು. ಕುದುರೆಯ ಮೇಲಿದ್ದ ವರ ಬಾಸಿಂಗ ಸರಿಸಿ ನನ್ನನ್ನು ನೋಡಿದ. ಹಿಂದಿದ್ದ ಹೆಣ್ಣುಮಕ್ಕಳಲ್ಲಿ ಒಬ್ಬಾಕೆ ಏನಾಯಿತೋ ಎಂದು ಸಣ್ಣಗೆ ಅಳಲು ಶುರು ಮಾಡಿದಳು. ವರನ ಅಜ್ಜ ಹಣಮಂತಪ್ಪ ಮುಂದೆ ಬಂದರು. ತಲೆಗೆ ದೊಡ್ಡ ರುಮಾಲು, ಹೆಗಲ ಮೇಲೆ ಕಂಬಳಿ.

"ಏನ್ರಿ ಬೀಗರ, ಯಾರರ ತೀರಿಕೊಂಡಾರೇನ್ರಿ?" ಎಂದು ಮೆಲ್ಲಗೆ ಕೇಳಿದರು.

ಯಾರೂ ತೀರಿಕೊಂಡಿಲ್ಲ, ಇದು ಕಾಯಿದೆ ಎಂದು ವಿವರಿಸಲು ಹೊರಟೆ. ಡೆಸಿಬಲ್ಲಿನ ತನಕ ಬಂದಿದ್ದೆ. ಅಷ್ಟರಲ್ಲಿ ಹೆಣ್ಣಿನ ಕಡೆಯಿಂದ ಆರತಿ ಹಿಡಿದುಕೊಂಡು ಎದುರುಗೊಳ್ಳಲು ಬಂದವರ ಗುಂಪಿನಿಂದ ಸಲೋಮಿ ಸಿಸ್ಟರ್ ಮುಂದೆ ಬಂದರು. ಲಲಿತಾ ಅವರನ್ನು ಲಗ್ನಕ್ಕೆ ಕರೆದಿದ್ದಳು. ತಿಂಗಳುಗಟ್ಟಲೆ ಬರೀ ನಮಸ್ಕಾರ ಹೇಳಿದ್ದ ಸಿಸ್ಟರ್ ಅಂದು ಪೂರ್ತಿ ಮಾತಾಡಿದರು.

"ಮಾಳಪ್ಪನೋರ, ಈ ದವಾಖಾನಿ ಖಾಲಿ ಆಗಿ ಒಂದು ವರ್ಷ ಆತರಿ. ಕಡೀ ದಿನ ಬಾಗಿಲಿಗೆ ಕೀಲಿ ಹಾಕಿದಾಕಿ ನಾನೇ. ಈಗ ಒಳಗ ಪಾರಿವಾಳ ಬಿಟ್ರ ಯಾರೂ ಇಲ್ಲ."

ಎಲ್ಲರೂ ಗೇಟಿನ ಕಡೆ ತಿರುಗಿದರು. ನಾನು ಗೇಟಿನ ತನಕ ಓಡಿಹೋಗಿ ನೋಡಿ ಬಂದೆ. ಬೋರ್ಡು ಇತ್ತು. ಬೋರ್ಡಿನ ಕೆಳಗೆ ಮುಷ್ಟಿಗಾತ್ರದ ಬೀಗವೂ ಇತ್ತು. ನಾಲ್ಕು ದಿನದ ಹಿಂದೆ ಅದೇ ಗೇಟಿಗೆ ಟೇಪಿನ ಕೊಂಡಿ ಸಿಕ್ಕಿಸಿ ಅಳೆದಿದ್ದೆ. ಕಾಗದ ಓದುವ ಕಣ್ಣಿಗೆ ಬೀಗ ಕಾಣಿಸುವುದಿಲ್ಲವೆಂದು ಕಾಣುತ್ತದೆ. ಹೊಸ ಕಟ್ಟಡಕ್ಕೆ ಹೋಗಿದ್ದಾರೆಂದು ಸಿಸ್ಟರ್ ಇನ್ನೂ ಏನೋ ಹೇಳುತ್ತಿದ್ದರು. ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅಕ್ಕ ಆರತಿ ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳ ಮಾನ ನನ್ನ ಕೈಯಲ್ಲಿತ್ತು, ಆ ಕೈಯನ್ನೇ ಅಗಲಿಸಿ ನಾನು ಬೀಗರಿಗೆ ಅಡ್ಡ ನಿಂತಿದ್ದೆ. ನಿಜಕ್ಕೂ ನಾಚಿಕೆಯಾಯಿತು. ಹಣಮಂತಪ್ಪ ಸಿಟ್ಟು ಮಾಡಲಿಲ್ಲ. ತೀರ್ಪು ಮಾತ್ರ ಕೊಟ್ಟರು.

"ನಡುದಾರ್ಯಾಗ ನಿಂತ ಡೊಳ್ಳು ಮತ್ತ ಗುಡಿಯಿಂದನೇ ಏಳಬೇಕರಿ. ನಿಲ್ಲಿಸಿದವರೇ ಎಬ್ಬಿಸ್ಲಿ."

ಒಂದು ಡೊಳ್ಳನ್ನು ನನ್ನ ಕೊರಳಿಗೆ ಹಾಕಿದರು. ಮೆರವಣಿಗೆ ಪೂರ್ತಿ ಹಿಂದಕ್ಕೆ ತಿರುಗಿತು. ಕುದುರೆ ತಿರುಗಲು ಒಪ್ಪಲಿಲ್ಲ. ಅದಕ್ಕೂ ಪದ್ಧತಿ ಗೊತ್ತಿತ್ತೇನೋ. ಅಂತೂ ಗುಡಿ ಮುಟ್ಟಿದೆವು. ಹನುಮಪ್ಪನಿಗೆ ಕೈಮುಗಿದು, ತಪ್ಪಾಯಿತೆಂದು ಹೇಳಿ ಕೋಲು ಎತ್ತಿದೆ.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಾನು ಚೆನ್ನಾಗಿ ಬಾರಿಸಿದೆ. ಮೂವತ್ತು ವರ್ಷದ ಮೇಲೆ ಮುಟ್ಟಿದರೂ ಕೈ ಮರೆತಿರಲಿಲ್ಲ. ಮೊದಲ ಪೆಟ್ಟಿಗೆ ಔರಾದಿನ ಹುಡುಗರು ನಕ್ಕರು, ಹತ್ತನೆಯ ಪೆಟ್ಟಿಗೆ ಅವರೇ ನನ್ನ ಸುತ್ತ ಕುಣಿಯತೊಡಗಿದರು. ಹಣಮಂತಪ್ಪ ಕಂಬಳಿಯನ್ನು ಸೊಂಟಕ್ಕೆ ಬಿಗಿದು ಒಂದು ಹೆಜ್ಜೆ ಹಾಕಿ, ಭಲೆ ಎಕಂಬಾ ಎಂದರು. ನನಗೆ ಕೊಂಬು ಬಂತು. ಹೊಸ ಕೋಟಿನ ಕಂಕುಳು ಹರಿದದ್ದೂ ಗೊತ್ತಾಗಲಿಲ್ಲ. ಗುಡಿಯ ಎದುರಿಗೇ ನಿಂತು ಬಾರಿಸಿದೆ, ಕುಣಿದು ಬಾರಿಸಿದೆ, ಮಂಡಿಯೂರಿ ಬಾರಿಸಿದೆ.

ಎದುರಿಗೆ ಒಬ್ಬ ಪೊಲೀಸಿನವರು ಬಂದು ನಿಂತಾಗ, ಅವರಿಗೂ ಡೊಳ್ಳು ಹಿಡಿಸಿದೆ ಎಂದುಕೊಂಡೆ. ಅವರು ಕೈಸನ್ನೆ ಮಾಡಿ ನಿಲ್ಲಿಸಿ, ಪರವಾನಗಿ ಯಾರ ಹೆಸರಿನಲ್ಲಿದೆ ಎಂದು ಕೇಳಿದರು.

"ನನ್ನ ಹೆಸರಿಲೇ ಅದರಿ," ಎಂದು ಎದೆ ಉಬ್ಬಿಸಿ ಕಾಗದ ತೆಗೆದು ಕೊಟ್ಟೆ.

ಅವರು ಸುಮ್ಮನೆ ನನ್ನ ಬೆನ್ನ ಹಿಂದೆ ಬೆರಳು ತೋರಿಸಿದರು. ಗುಡಿಯ ಎದುರು, ರಸ್ತೆಯ ಆಚೆ, ಮೂರು ಅಂತಸ್ತಿನ ಹೊಸ ಕಟ್ಟಡ. ಹಳೆಯ ಗೇಟಿನ ಮೇಲೆ ನೋಡಿದ್ದ ಅದೇ ಹೆಸರು, ಹೊಸ ಬಣ್ಣದಲ್ಲಿ. ಪ್ರತಿ ಕಿಟಕಿಯಲ್ಲೂ ಒಬ್ಬೊಬ್ಬ ರೋಗಿ. ಮೊದಲ ಸಲ ಡೊಳ್ಳು ಎದ್ದಾಗ ಆಸ್ಪತ್ರೆಯವರು ಮದುವೆ ಮನೆಯವರೆಂದು ಸಹಿಸಿಕೊಂಡಿದ್ದರಂತೆ. ನಾವು ಎರಡನೆಯ ಸಲ ಬಂದು ಅಲ್ಲೇ ಬೀಡುಬಿಟ್ಟಾಗ ಪೊಲೀಸರಿಗೆ ಫೋನು ಮಾಡಿದ್ದರು.

ಷರತ್ತು ಓದಿದ್ದೀರಾ ಎಂದು ಪೊಲೀಸಿನವರು ಕೇಳಿದರು. ಓದಿದ್ದೇನೆ, ಬಾಯಿಪಾಠವಿದೆ ಎಂದೆ. ಹೇಳಿ ನೋಡೋಣ ಎಂದರು. ಆಸ್ಪತ್ರೆಯಿಂದ ನೂರು ಮೀಟರ್ ಒಳಗೆ ಡೋಲು ಮುಂತಾದ ವಾದ್ಯಗಳನ್ನು ಬಾರಿಸತಕ್ಕದ್ದಲ್ಲ, ತಪ್ಪಿದಲ್ಲಿ ಅರ್ಜಿದಾರನೇ ಹೊಣೆಗಾರನು ಎಂದು ಒಂದು ಅಕ್ಷರವೂ ಬಿಡದೆ ಒಪ್ಪಿಸಿದೆ.

"ಖರೇನೇ ಬಾಯಿಪಾಠ ಅದ. ಹತ್ರಿ ಗಾಡಿ," ಎಂದರು.

ಸ್ಟೇಷನ್ನಿನಲ್ಲಿ ಒಂದು ಮುಚ್ಚಳಿಕೆ ಬರೆದುಕೊಟ್ಟು ಹೋಗಿ, ಲಗ್ನದ ಹೊತ್ತು ಎಂದು ಸಾಹೇಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಎರಡು ಸಾಲು ಗೀಚಿ ಓಡಬಹುದಿತ್ತು. ಆದರೆ ಕೈ ಕೇಳಬೇಕಲ್ಲ! ವಿಷಯ, ಉಲ್ಲೇಖ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಎಂದು ಶುರು ಮಾಡಿದವನು ಎರಡನೆಯ ಪುಟ ಮುಟ್ಟಿದೆ. ಗೋಡೆಯ ಗಡಿಯಾರ ಹನ್ನೆರಡು ಮೂವತ್ತೆಂಟು ತೋರಿಸಿದಾಗ ಪೆನ್ನು ಬಿತ್ತು. ನನ್ನ ಮುಖ ನೋಡಿದ ಸಾಹೇಬರು, ಪೂರ್ತಿಯಾಗದ ಕಾಗದವನ್ನೇ ಕಸಿದುಕೊಂಡು ಸಹಿ ಹಾಕಿಸಿ, ಅದೇ ಪೊಲೀಸಿನವರ ಬೈಕಿನ ಮೇಲೆ ನನ್ನನ್ನು ಕಳಿಸಿದರು. ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಒಂದೇ. ಅವಳ ಹಿಂದಿನ ಆ ಜಾಗದಲ್ಲಿ ಈಗ ಯಾರು ನಿಂತಿರಬಹುದು?

ಹಾಲಿನೊಳಗೆ ಓಡಿದೆ. ನನ್ನ ಕೊರಳಿನ ಡೊಳ್ಳನ್ನು ಮರಳಿ ಪಡೆದು, ನೂರು ಮೀಟರ್ ದಾಟಿದ ಮೇಲೆ ಬಾರಿಸುತ್ತ ಮೆರವಣಿಗೆ ಆಗಲೇ ಮಂಟಪ ಮುಟ್ಟಿತ್ತು. ಅಂತರಪಟ ಇನ್ನೂ ಹಿಡಿದಿರಲಿಲ್ಲ. ಹನ್ನೆರಡು ನಲವತ್ತು ದಾಟಿ ಹತ್ತು ನಿಮಿಷವಾಗಿತ್ತು. ಮಾಮಾ ಬರುವ ತನಕ ಏಳುವುದಿಲ್ಲವೆಂದು ಅಶ್ವಿನಿ ಮಣೆಯ ಮೇಲೆ ಕೂತುಬಿಟ್ಟಿದ್ದಳಂತೆ. ಅಕ್ಕ ಬೈದರೂ ಏಳಲಿಲ್ಲವಂತೆ. ಕೊನೆಗೆ ಹಣಮಂತಪ್ಪನವರೇ ಮಂತ್ರ ಹೇಳುವ ಸ್ವಾಮಿಗಳಿಗೆ, ಗಳಿಗೆ ಒಂದು ಗಂಟೆ ತನಕ ಹಿಗ್ಗಿಸಿ ನೋಡ್ರಿ ಎಂದಿದ್ದರು. ಕಂಕುಳು ಹರಿದ ಕೋಟಿನಲ್ಲಿ, ಪೊಲೀಸಿನವರ ಸಮೇತ, ನಾನು ಹೋಗಿ ನನ್ನ ಮಗಳ ಬೆನ್ನಿಗೆ ನಿಂತೆ. ಆ ಕ್ಷಣದ ಹೆಮ್ಮೆಯನ್ನು ಅಳೆಯುವ ಆ್ಯಪ್ ಇನ್ನೂ ಬಂದಿಲ್ಲ.

ಮಂತ್ರ ಮುಗಿಯಿತು. ಅಕ್ಷತೆ ಹಿಡಿದ ಕೈಗಳು ಮೇಲೆದ್ದವು. ಇನ್ನು ವಾದ್ಯ ಮೊಳಗಬೇಕು. ಮೊಳಗಲಿಲ್ಲ. ತಲೆಯೆತ್ತಿ ನೋಡಿದೆ. ಆರು ಜನ ಡೊಳ್ಳಿನವರು ಕೋಲು ಎತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ಸ್ವಾಮಿಗಳು ನನ್ನನ್ನೇ ನೋಡುತ್ತಿದ್ದರು. ಅಕ್ಕ, ಲಲಿತಾ, ಹಣಮಂತಪ್ಪ, ಸಲೋಮಿ ಸಿಸ್ಟರ್, ಪೊಲೀಸಿನವರು, ತುಂಬಿದ ಹಾಲಿಗೆ ಹಾಲೇ ನನ್ನ ಅಪ್ಪಣೆಗಾಗಿ ಉಸಿರು ಬಿಗಿಹಿಡಿದು ಕಾಯುತ್ತಿತ್ತು.

ಅಶ್ವಿನಿ ತಿರುಗದೆಯೇ ಹೇಳಿದಳು. "ಮಾಮಾ, ಹೂಂ ಅನ್ರಿ."

ಹೂಂ ಅಂದೆ. ಕಣ್ಣು ತುಂಬಿ, ಬಾಯಿ ಅಲುಗಿತೇ ಹೊರತು ಸದ್ದು ಹೊರಗೆ ಬರಲಿಲ್ಲ. ಬಾಯಿ ಅಲುಗಿದ್ದನ್ನು ನೋಡಿಯೇ ಆರು ಡೊಳ್ಳೂ ಎದ್ದವು. ಇಡೀ ದಿನದಲ್ಲಿ ಶಬ್ದದ ಕಾಯಿದೆಯನ್ನು ನಾನು ಪಾಲಿಸಿದ್ದು ಆ ಒಂದು ಸಲ ಮಾತ್ರ ಎಂದು ಲಲಿತಾ ಇವತ್ತಿಗೂ ಓಣಿಯ ತುಂಬ ಹೇಳುತ್ತಾಳೆ.