ಒಬ್ಲಿವಿಯನ್ ಸರ್ ಹೆಸರೇನು?

ಯಾರನ್ನೇ ಆಗಲಿ ಅವರ ಪೂರ್ತಿ ಹೆಸರಿನಿಂದ ಕರೆಯಬೇಕು ಅನ್ನುವುದು ನನ್ನ ನಿಯಮ. ಜಮಖಂಡಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದಷ್ಟು ಕಾಲವೂ ಪಾಲಿಸಿದ್ದೇನೆ. ನನ್ನ ವಿಷಯಕ್ಕೆ ಬಂದಾಗ ಮಾತ್ರ ಅದು ಮುರಿಯುತ್ತಲೇ ಇರುತ್ತದೆ.

೧. ಉದಾಹರಣೆ

ಪಾಠದಲ್ಲಿ ‘ಒಬ್ಲಿವಿಯನ್’ ಎಂಬ ಪದ ಬಂತು. “ಜನರ ನೆನಪಿನಿಂದ ಪೂರ್ತಿ ಅಳಿಸಿಹೋಗುವ ಸ್ಥಿತಿ. ಕೀಲಿಕೈ ಎಲ್ಲಿಟ್ಟೆ ಅನ್ನುವ ಮರೆವಿಗೆಲ್ಲ ಇದು ಸಲ್ಲದು. ಉದಾಹರಣೆ ಕೊಡಿ” ಎಂದೆ.

ಬೀಳಗಿ ಕಡೆಯ ಹುಡುಗನೊಬ್ಬ ಎದ್ದ. “ಹಿನ್ನೀರಾಗ ಮುಳಗಿದ ನಮ್ಮ ಹಳೇ ಊರ್ರಿ.”

“ಯಾರಿಗೂ ನೆನಪಿಲ್ಲವೋ?”

“ಯಾರ ಮನಿ ಬಾಗಲಾ ಯಾ ಕಡೆ ಇತ್ತು ಅನ್ನೂದೂ ನಮ್ಮ ಅಜ್ಜಗ ನೆನಪೈತ್ರಿ.”

“ಹಾಗಾದರೆ ತಪ್ಪು. ಎಲ್ಲರೂ ಪೂರ್ತಿ ಮರೆತಿರುವ ಒಬ್ಬರ ಹೆಸರು ಹೇಳು.”

“ಪೂರ್ತಿ ಮರತಿದ್ರ ಹೆಸರು ಹೆಂಗ ಹೇಳೂದ್ರೀ ಸರ?”

ಅಂದಿನಿಂದ ನಾನು ಒಬ್ಲಿವಿಯನ್ ಸರ್.

೨. ಅಡ್ಡಹೆಸರು

ಮುಧೋಳದ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನ ಹಳೆಯ ವಿದ್ಯಾರ್ಥಿ. “ಏ, ಒಬ್ಲಿವಿಯನ್ ಸರ್‌ಗ ಸೀಟ್ ಬಿಡ್ರಿ!”

“ಅದು ನನ್ನ ಹೆಸರಲ್ಲ. ನನ್ನ ಹೆಸರೇನು, ಹೇಳು” ಎಂದು ಗದರಿದೆ. ಆತ “ಟಿಕೆಟ್, ಟಿಕೆಟ್” ಅನ್ನುತ್ತ ಹಿಂದಕ್ಕೆ ಜಾರಿದ.

ಪಕ್ಕದಲ್ಲಿದ್ದ ಮುದುಕ ಸಮಾಧಾನ ಮಾಡಿದ: “ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಮ್ಮ ಕಡೆ ಮೆಣಸಿನಕಾಯಿ ಅನ್ನೂ ಮನೆತನ ಐತಿ, ಉಳ್ಳಾಗಡ್ಡಿ ಅನ್ನೂ ಮನೆತನ ಐತಿ. ನಿಮ್ಮದೂ ಕಾಯಿಪಲ್ಲೇನ ಏನ್ರಿ?”

೩. ಒಡಪು

ನಿವೃತ್ತನಾದ ಮೇಲೆ ಹಳೆಯ ವಿದ್ಯಾರ್ಥಿಗಳು ಸನ್ಮಾನ ಇಟ್ಟುಕೊಂಡರು. ಒಂದೇ ಷರತ್ತು ಹಾಕಿದೆ: ವೇದಿಕೆಯಲ್ಲಿ ನನ್ನ ನಿಜವಾದ ಹೆಸರು ಹೇಳಬೇಕು. ಇಲ್ಲದಿದ್ದರೆ ಶಾಲು ಮುಟ್ಟುವುದಿಲ್ಲ.

ನಿರೂಪಕ “ಈಗ ನಮ್ಮ ಪ್ರೀತಿಯ ಗುರುಗಳಾದ...” ಎಂದವನು ನಿಂತೇಬಿಟ್ಟ. ಸಭೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಕೈಕಟ್ಟಿ ಕೂತೆ. ಉತ್ತರ ಪಿಸುಗುಟ್ಟುವ ಅಭ್ಯಾಸ ನನಗೆ ಎಂದೂ ಇಲ್ಲ.

ಕೊನೆಗೆ ಆತ ಮುಂದಿನ ಸಾಲಿನಲ್ಲಿದ್ದ ನನ್ನ ಹೆಂಡತಿಗೆ ಮೈಕು ಹಿಡಿದ. “ಅವ್ವಾರ, ನೀವರೆ ಹೇಳ್ರಿ.”

“ಗಂಡನ ಹೆಸರು ಸುಮ್ನ ಹೆಂಗ ಹೇಳೂದಪಾ? ಒಡಪಾ ಕಟ್ಟೇ ಹೇಳಬೇಕು” ಎಂದು ಸೆರಗು ಸರಿಮಾಡಿಕೊಂಡಳು. ನನಗೆ ಜೀವ ಬಂತು. ಮದುವೆಯ ದಿನ ಹೀಗೇ ಪ್ರಾಸ ಕಟ್ಟಿ ನನ್ನ ಹೆಸರು ಹೇಳಿದವಳು ಆಕೆ.

“ಬನಹಟ್ಟಿ ಸೀರಿ ಉಟ್ಟು, ಹಸರ ಬಳಿ ತೊಟ್ಟು,
ಒಬ್ಲಿವಿಯನ್ ಸರ್ ಹೆಸರ ಹೇಳತೀನಿ ಕುಂಕುಮ ಇಟ್ಟು!”

ಸಭೆಗೆ ಸಭೆಯೇ ಚಪ್ಪಾಳೆ ಹೊಡೆಯಿತು. ಷರತ್ತು ನೆನಪಿಸಲು ಬಾಯಿ ತೆರೆಯುವಷ್ಟರಲ್ಲಿ ಶಾಲು ಹೆಗಲ ಮೇಲಿತ್ತು.

ಆಟೋದಲ್ಲಿ ಕೇಳಿದೆ: “ಖರೇ ಹೆಸರು ಯಾಕ ಹೇಳಲಿಲ್ಲ?”

“ಅದನ್ನ ಹೇಳಿದ್ರ, ಅಂವ ಯಾರು ಅಂತ ಮಂದಿ ಕೇಳತಿದ್ರಲ್ರೀ!”