ಮೂರು ಸಲ ಕೆಮ್ಮದೆ ಏಳದ ಕಾರ್ಬ್ಯುರೇಟರ್ ಮಹಾಶಯರಿಗೆ

ಮಾನ್ಯರೇ,

ನನ್ನ ಪುಟ್ಟ ದೋಣಿಯ ಎಂಜಿನ್ನಿನ ಹೊಟ್ಟೆಯೊಳಗೆ ಸುಖಾಸೀನರಾಗಿ, ಪೆಟ್ರೋಲು ಸೇವಿಸಿ ಹೊಗೆ ದಾನ ಮಾಡುತ್ತಾ ಬಂದಿರುವ ತಮ್ಮ ಸನ್ನಿಧಿಗೆ, ತಮ್ಮನ್ನು ಎಬ್ಬಿಸಲು ಹಗ್ಗ ಎಳೆದೆಳೆದು ಬಲಗೈ ಎಡಗೈಗಿಂತ ಉದ್ದವಾಗಿರುವ ಈ ಬಡಪಾಯಿಯ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ವಾಸನೆಯಿಂದಲೇ ತಿಳಿದುಕೊಂಡಿದ್ದೇನೆ.

ನನ್ನ ಹೆಂಡತಿ ಆಚೆ ದಡದ ಆಸ್ಪತ್ರೆಯಲ್ಲಿ ನರ್ಸು ಎಂಬುದು ತಮಗೆ ಗೊತ್ತೇ ಇದೆ. ದಿನಾ ಬೆಳಿಗ್ಗೆ ಅವಳನ್ನು ಹೊಳೆ ದಾಟಿಸುವ ಕರ್ತವ್ಯ ನನ್ನದು, ದಾಟಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರ ತಮ್ಮದು. ಗಾಳಿ ತಡೆಯುವ ಚೋಕ್ ಎಳೆದರೆ ತಮಗೆ ಉಸಿರುಗಟ್ಟುತ್ತದೆ, ಬಿಟ್ಟರೆ ನೆಗಡಿಯಾಗುತ್ತದೆ, ನಾಲ್ಕು ದಿನ ರಜೆ ಕೊಟ್ಟರಂತೂ ಹಳೆಯ ಪೆಟ್ರೋಲು ಅಂಟಾಗಿ ಗಂಟಲೇ ಕಟ್ಟಿಕೊಳ್ಳುತ್ತದೆ. ನಾನು ಬೆವರುವಷ್ಟು ಹೊತ್ತು ಅವಳು ಎದುರಿನ ಹಲಗೆಯ ಮೇಲೆ ಕೂತು ವಾರ್ಡಿನ ಸುದ್ದಿ, ಪಕ್ಕದ ಮನೆಯ ಜಗಳ, ನನ್ನ ಗೊರಕೆ ಎಲ್ಲವನ್ನೂ ವರದಿ ಮಾಡುತ್ತಾಳೆ. ಕೊನೆಗೆ ತಾವು ಮೂರು ಸಲ ಕೆಮ್ಮುತ್ತೀರಿ. ಮೂರನೆಯ ಕೆಮ್ಮಿಗೆ ಅವಳು ದಡದ ಕಂಬದ ಹಗ್ಗ ಬಿಚ್ಚುತ್ತಾಳೆ. ತಾವು ಮತ್ತೆ ಮಲಗುವ ಮೊದಲೇ ನಾನು ಗೇರು ಹಾಕಿ ಹೊರಡುತ್ತೇನೆ. ಇದು ನಮ್ಮ ಮನೆತನದ ಶಿಸ್ತು.

ಕಳೆದ ವಾರ ಅವಳ ವರದಿ ಬದಲಾಯಿತು. "ಇನ್ನೊಂದ್ಸಲ ಲೇಟಾದ್ರೆ ಆಸ್ಪತ್ರೆ ಹಾಸ್ಟೆಲಿಗೇ ಬಂದಿರು ಅಂದಿದ್ದಾರೆ ನಮ್ಮ ಹೆಡ್ ನರ್ಸು. ಈ ಎಂಜಿನ್ ಇರ್ಬೇಕು, ಇಲ್ಲಾ ನಾನಿರ್ಬೇಕು, ನೋಡಿ ಮತ್ತೆ!" ಇಷ್ಟು ವರ್ಷದ ಸಂಸಾರದಲ್ಲಿ ಅವಳಿಗೆ ಸವತಿಯಾದ ಕೀರ್ತಿ ತಮಗೊಬ್ಬರಿಗೇ ಸಲ್ಲಬೇಕು.

ಹಾಗಾಗಿ ಕಾರ್ಬ್ಯುರೇಟರೇ ಬೇಡದ, ಫ್ಯೂಯಲ್ ಇಂಜೆಕ್ಷನ್ನಿನ ಹೊಸ ಎಂಜಿನ್ನನ್ನು ಒಂದು ದಿನದ ಪರೀಕ್ಷೆಗೆ ತಂದೆ. ಮೆಕ್ಯಾನಿಕ್ ತಮ್ಮ ಪರವಾಗಿಯೇ ವಾದಿಸಿದ: "ಹಳೇದು ಕೆಟ್ರೆ ತಂತಿ ಚುಚ್ಚಿ ನೀವೇ ಸರಿಮಾಡ್ಕೋತೀರಿ. ಇದು ಕೆಟ್ರೆ ಕಂಪ್ಯೂಟರ್ ತರೋರಿಗೆ ಕಾಯ್ಬೇಕು, ಯಜಮಾನ್ರೇ." ಆದರೆ ಪೆಟ್ರೋಲನ್ನು ಅಳೆದು ಸಿಂಪಡಿಸುವ ಆ ಸಂಭಾವಿತರು ಗುಂಡಿ ಮುಟ್ಟಿದ್ದೇ ತಡ, ಕೆಮ್ಮದೆ ಕ್ಯಾಕರಿಸದೆ ಎದ್ದುಬಿಟ್ಟರು. ಅಭ್ಯಾಸಬಲದಿಂದ ನಾನು ಗೇರು ಹಾಕಿದೆ. ಅಭ್ಯಾಸಬಲದಿಂದ ಅವಳು ಮೂರನೆಯ ಕೆಮ್ಮಿಗೆ ಕಾಯುತ್ತಾ ಕೂತಿದ್ದಳು. ಕಂಬಕ್ಕೆ ಕಟ್ಟಿದ್ದ ದೋಣಿ ಹಗ್ಗ ಜಗ್ಗಿ ಗಕ್ಕನೆ ನಿಂತಿತು, ನಾನು ಮಾತ್ರ ನಿಲ್ಲದೆ ಹೊಳೆಗೆ ಬಿದ್ದೆ. ಮೇಲೆದ್ದಾಗ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು: "ಅಯ್ಯೋ, ಕೆಮ್ಮೇ ಇಲ್ವಲ್ರೀ ಇದಕ್ಕೆ!"

ಅಂದು ಅವಳು ಹೊತ್ತಿಗೆ ಮುಂಚೆಯೇ ತಲುಪಿದಳು. ಇಳಿಯುವಾಗ ಮಾತ್ರ, "ಇವತ್ತು ಏನೂ ಮಾತಾಡ್ಲೇ ಇಲ್ಲ ನಾವು" ಎಂದಳು. ಆ ಮಾತು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು.

ಆದುದರಿಂದ ತಮ್ಮಲ್ಲಿ ವಿನಂತಿ ಏನೆಂದರೆ, ಅವಳಿಗೆ ರಜೆ ಇರುವ ದಿನ ಮಾತ್ರ ಹಟ ಹಿಡಿಯುವುದಾಗಿ ತಾವು ಮಾತು ಕೊಡಬೇಕು. ಇಲ್ಲವೇ ಹೊಸಬರಿಗೆ ಒಂದಿಷ್ಟು ಆಲಸ್ಯವನ್ನಾದರೂ ಕಲಿಸಿಕೊಡಬೇಕು. ಎರಡೂ ಆಗದಿದ್ದರೆ ಶೆಡ್ಡಿನ ಮೂಲೆಯಲ್ಲಿ ತಮಗೆ ಗೌರವಪೂರ್ವಕ ವಿಶ್ರಾಂತಿಯನ್ನು ಏರ್ಪಡಿಸಲಾಗುವುದು.

ಒದ್ದೆ ಅಂಗಿ ಹಿಂಡುತ್ತಾ,
ತಮ್ಮ ವಿಶ್ವಾಸಿ,
ದೋಣಿಯವನು

ವಿ.ಸೂ.: ತಮ್ಮಿಂದ ಉತ್ತರ ಬಾರದ್ದರಿಂದ ತಾವೀಗ ಶೆಡ್ಡಿನಲ್ಲಿದ್ದೀರಿ, ಹೊಸಬರು ದೋಣಿಯಲ್ಲಿದ್ದಾರೆ. ಹೆಂಡತಿ ಈಗ ಹೊತ್ತಿಗೆ ಮೊದಲೇ ದೋಣಿಗೆ ಬಂದು ಹಲಗೆಯ ಮೇಲೆ ಕೂರುತ್ತಾಳೆ. ನಾನು ಕೂಡಲೇ ಗುಂಡಿ ಮುಟ್ಟುವುದಿಲ್ಲ. ಹೇಳುವುದೆಲ್ಲ ಹೇಳಿ ಮುಗಿದ ಮೇಲೆ ಅವಳೇ ಮೂರು ಸಲ ಕೆಮ್ಮಿ ಹಗ್ಗ ಬಿಚ್ಚುತ್ತಾಳೆ. ತಮ್ಮ ಕೆಲಸದಲ್ಲಿ ನಮಗೆ ಬೇಕಾಗಿದ್ದದ್ದು ಅಷ್ಟೇ ಎಂದು ತಿಳಿಸಲು ವಿಷಾದಿಸುತ್ತೇನೆ.