ಎಡಗೈಗೊಂದು ಪಟ್ಟಿ

ಎಡಗೈ ಮಕ್ಕಳನ್ನು ಬಲವಂತದಿಂದ ಬಲಗೈಗೆ ತಿರುಗಿಸಬಾರದು ಎಂಬ ವಿಷಯದಲ್ಲಿ ವಿದ್ಯಾಳಷ್ಟು ಓದಿಕೊಂಡವರು ಗೋಕಾಕದಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಬೆಳಗಾವಿಯಲ್ಲಿ ಕಲಿತವಳು, ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಕೊನೆಯ ಸಾಲಿನವರೆಗೂ ಓದಿ ಚಿಂತೆ ಮಾಡುವವಳು. ಮಗ ಶುಭಮ್ ಮೊದಲ ಸಲ ಚಮಚವನ್ನು ಎಡಗೈಗೆ ತೆಗೆದುಕೊಂಡ ದಿನವೇ ಅವಳ ಅಧ್ಯಯನ ಶುರುವಾಯಿತು. ಎಡಚರ ಮೆದುಳು, ಎಡಚರ ಕತ್ತರಿ, ಎಡಚರ ಆಯುಷ್ಯ (ಇದನ್ನು ಓದಿದ ದಿನ ಒಂದು ಹೊತ್ತು ಊಟ ಬಿಟ್ಟಿದ್ದಳು), ಒಂದನ್ನೂ ಬಿಡಲಿಲ್ಲ.

ಹುಡುಗನ ಎಡಗೈ ಮಾತ್ರ ಯಾವ ಲೇಖನಕ್ಕೂ ಕಾಯದೆ ಲೋಕದ ಜೊತೆ ದಿನಕ್ಕೊಂದು ಜಗಳ ತೆಗೆಯುತ್ತಿತ್ತು. ಬಾಲವಾಡಿಯ ಬೆಂಚಿನ ಮೇಲೆ ಅವನ ಎಡ ಮೊಣಕೈ ಬಾಜೂ ಹುಡುಗನ ಬಲ ಮೊಣಕೈಗೆ ಗುದ್ದಿ, ಇಬ್ಬರ ಅಕ್ಷರಗಳಿಗೂ ಇಲ್ಲದ ಬಾಲ ಬರುತ್ತಿತ್ತು. ಕತ್ತರಿ ಕೊಟ್ಟರೆ ಅದು ಕಾಗದವನ್ನು ಕತ್ತರಿಸುವ ಬದಲು ಜಗಿಯುತ್ತಿತ್ತು. ಒಂದು ಬೆಳಿಗ್ಗೆ ಕಿರಾಣಿ ಅಂಗಡಿಯಲ್ಲಿ ದಿನದ ಮೊದಲ ವ್ಯಾಪಾರಕ್ಕೆ ಹುಡುಗ ನೋಟು ಚಾಚಿದ್ದೇ ತಡ, ಅಂಗಡಿಯವನು ಕೆಂಡ ಕಂಡವನಂತೆ ಕೈ ಹಿಂದೆಳೆದುಕೊಂಡ. "ಬೋಣಿಗಿ ಟೈಮ್ ಐತಿ ತಮ್ಮಾ, ಆ ಕೈಲೆ ಬ್ಯಾಡ, ಈ ಕೈಲೆ ಕೊಡು!" ವಿದ್ಯಾ ಅಲ್ಲೇ ನಿಂತು ಮೆದುಳಿನ ಎಡಭಾಗ ಬಲಭಾಗಗಳ ಬಗ್ಗೆ ಉಪನ್ಯಾಸ ಕೊಟ್ಟಳು. ಅವನು ಪೂರ್ತಿ ಕೇಳಿ, ತಲೆಯಾಡಿಸಿ, "ಖರೆ ಐತ್ರಿ ಅಕ್ಕಾರ. ಆದ್ರ ಬೋಣಿಗಿ ಅಲ್ರಿ..." ಎಂದ.

ಇಂಥ ಧೀರೆಗೂ ಒಂದು ಭಯವಿತ್ತು. ಆ ಭಯದ ಊರು ಬೆಲ್ಲದ ಬಾಗೇವಾಡಿ, ಅಂದರೆ ಗಂಡನ ಊರು. ಬರುವ ರವಿವಾರ ಅಲ್ಲಿ ನಾದಿನಿ ವಿಜಯಲಕ್ಷ್ಮಿಯ ಕುಬಸ (ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಬಂದವರಿಗೆ ಹೋಳಿಗೆ). ಇದುವರೆಗೆ ಊರಿಗೆ ಹೋದಾಗಲೆಲ್ಲ ಮಗನಿಗೆ ತಾನೇ ತುತ್ತು ಮಾಡಿ ಹಾಕಿ ಹೇಗೋ ಮುಚ್ಚಿಟ್ಟಿದ್ದಳು. ಈ ಸಲ ಸೊಸೆ ಬಡಿಸಲೇಬೇಕು, ಮಗ ಸಾಲಿನಲ್ಲಿ ಕೂರಲೇಬೇಕು. ಅವನು ಎಡಗೈಯಲ್ಲಿ ಹೋಳಿಗೆ ಎತ್ತಿದನೋ, 'ಹುಡಗ ಎಡಚ ಏನ?' ಎಂದು ಒಬ್ಬರು ಕೇಳುತ್ತಾರೆ. 'ಯಾರ ಕಡಿಂದ ಬಂತು?' ಎಂದು ಇನ್ನೊಬ್ಬರು. ಆ ಎರಡನೆಯ ಪ್ರಶ್ನೆಗೇ ಅವಳು ಹೆದರುತ್ತಿದ್ದುದು. ಏಕೆಂದರೆ ಅವಳ ಅಪ್ಪ ಅಪ್ಪಟ ಎಡಚ. ಗಂಡನನ್ನು ಬಿಟ್ಟರೆ ಆ ಮನೆಯಲ್ಲಿ ಯಾರಿಗೂ ಇದು ಗೊತ್ತಿಲ್ಲ ಎಂದು ಅವಳ ನಂಬಿಕೆ. ಗಂಡನಿಂದಲೂ ಆಣೆ ಹಾಕಿಸಿಕೊಂಡಿದ್ದಳು. "ತವರಿಂದ ಇದನ್ನೊಂದು ತಂದ್ಳು ನೋಡ್ರಿ" ಎಂಬ ಮಾತನ್ನು ಅತ್ತೆ ಬಾಳವ್ವ ಇನ್ನೂ ಆಡಿರಲಿಲ್ಲ, ಆದರೆ ಸೊಸೆಯ ಕಿವಿಗೆ ಅದು ಆಗಲೇ ಕೇಳಿಸುತ್ತಿತ್ತು.

"ರೀ, ನನಗೊಂದು ಐಡಿಯಾ ಬಂದೈತಿ" ಎಂದಳು ಶನಿವಾರ.

ಗಂಡ ಶ್ರೀಶೈಲ ಅರಭಾವಿಯ ಕಾಲೇಜಿನಲ್ಲಿ ಗಿಡಗಳಿಗೆ ಕಸಿ ಕಟ್ಟುವುದನ್ನು ಕಲಿಸುವವನು. ಹೆಂಡತಿಯ ಐಡಿಯಾ ಎಂದರೆ ಮಾತ್ರ ದೂರದಲ್ಲೇ ನಿಲ್ಲುವವನು. "ಅದರಾಗ ನಾ ಅದೀನೋ ಇಲ್ಲೋ, ಮೊದಲ ಅದನ್ನ ಹೇಳು."

"ಶುಭಮ್‌ನ ಎಡಗೈಗೆ ಪಟ್ಟಿ ಕಟ್ಟೂದು. ಪೆಟ್ಟಾಗೇತಿ ಅನ್ನೂದು. ಪಟ್ಟಿ ಕಟ್ಟಿದ ಕೈಲೆ ಯಾರರ ಉಣ್ಣತಾರೇನು? ತಾನಾಗೇ ಬಲಗೈಲೆ ಉಣ್ಣತಾನ."

"ಬಲವಂತ ಮಾಡಬಾರದು ಅಂತ ನನಗ ದಿನಾ ಲೇಖನ ಕಳಸಾಕಿ ನೀನಽ ಅಲ್ಲೇನ?"

"ಇದು ಬಲವಂತ ಅಲ್ರಿ. ಒಂದು ಊಟದ ಮಟ್ಟಿಗಿನ ವ್ಯವಸ್ಥಾ."

"ಹಂಗಾರ ನಾ ಇದರಾಗ ಇಲ್ಲ" ಎಂದು ಶ್ರೀಶೈಲ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ.

ಶಸ್ತ್ರಕ್ರಿಯೆ ನಡೆದದ್ದು ಮರುದಿನ ಬಸ್ಸಿನಲ್ಲಿ, ಘಟಪ್ರಭಾ ದಾಟಿದ ಮೇಲೆ. ಪ್ರತಿ ಕುಲುಕಾಟಕ್ಕೂ ಒಂದು ಸುತ್ತು ಹೆಚ್ಚಾಗಿ, ಇಳಿಯುವಷ್ಟರಲ್ಲಿ ಹುಡುಗನ ಕೈ ಹೋಗಿ ಒಂದು ಬೆಲ್ಲದ ಪೆಂಟೆಯಾಗಿತ್ತು. ನೈಜತೆಗಾಗಿ ಮೇಲೊಂದಿಷ್ಟು ಅರಿಶಿಣ ಬೇರೆ.

ಹೊಸ್ತಿಲಲ್ಲೇ ಬಾಳವ್ವ ಬಾಯಿ ಬಡಿದುಕೊಂಡಳು. "ಯವ್ವಾ, ನನ್ನ ಕೂಸಿನ ಕೈಗೆ ಏನಾತ!"

"ಬಾಗಿಲ ಸಂದ್ಯಾಗ ಸಿಕ್ಕಿತ್ರಿ ಅತ್ತಿ" ಎಂದಳು ವಿದ್ಯಾ.

ಸುಳ್ಳು ಹೇಳಿ ರೂಢಿ ಇಲ್ಲದವರ ಕಷ್ಟ ಇದು: ಹೇಳಿದ್ದು ನೆನಪಿರುವುದಿಲ್ಲ. ಮಾವ ಯಲ್ಲಪ್ಪ ಕೇಳಿದಾಗ ಗಾಬರಿಯಲ್ಲಿ "ಸೈಕಲ್ ಮ್ಯಾಲಿಂದ ಬಿದ್ದಾನ್ರಿ" ಎಂದಳು. ಬಾಜೂ ಮನೆಯವರಿಗೆ "ಜೇನು ಕಚ್ಚೇತ್ರಿ" ಎಂದಳು. ಮೂರೂ ವರದಿಗಳು ಅಡುಗೆಮನೆಯಲ್ಲಿ ಹೋಳಿಗೆಯ ಹಂಚಿನ ಮುಂದೆ ಭೇಟಿಯಾದವು. ಆದರೆ ಆ ಹೆಂಗಸರು ಎಷ್ಟು ಒಳ್ಳೆಯವರೆಂದರೆ ಒಬ್ಬರಿಗೂ ಸಂಶಯ ಬರಲಿಲ್ಲ. ಸೈಕಲ್ ಮೇಲೆ ಹೋಗುವಾಗ ಜೇನು ಕಚ್ಚಿತು, ಕಚ್ಚಿದ್ದಕ್ಕೆ ಹುಡುಗ ಬಿದ್ದ, ಬೀಳುವಾಗ ಕೈ ಬಾಗಿಲಲ್ಲಿ ಸಿಕ್ಕಿತು ಎಂದು ಮೂರನ್ನೂ ಸೇರಿಸಿ ಒಂದೇ ಮಹಾದುರಂತ ಮಾಡಿ ಕಣ್ಣೊರೆಸಿಕೊಂಡರು.

"ಎಲುಬು ಉಳಕಿರತೈತಿ. ಅಲ್ಲವ್ವಕ್ಕನ್ನ ಕರೀರಿ" ಎಂದಳು ಬಾಳವ್ವ.

ಅಲ್ಲವ್ವ ಯಲ್ಲಪ್ಪನ ಅಕ್ಕ. ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗಿಟ್ಟವಳು. ಅಂಥವರು ಕಾಲಿನಿಂದ ಸವರಿದರೆ ಉಳುಕು ಬಿಡುತ್ತದೆ ಎಂದು ಊರ ನಂಬಿಕೆ. ಆ ಭಾಗದ ಎಷ್ಟೋ ಸೊಂಟಗಳಿಗೆ ಅಲ್ಲವ್ವನ ಪಾದದ ಪರಿಚಯವಿತ್ತು. ಆಗಲೇ ಊಟದ ಸಾಲು ಕೂತಿತ್ತು. ಪತ್ರಾವಳಿಯ ಮೇಲೆ ಹೋಳಿಗೆ ಬಿದ್ದಿತ್ತು. ಅಲ್ಲವ್ವ ಸೀರೆ ಎತ್ತಿ ಕಟ್ಟಿ, ಹೊಲದ ಎರೆಮಣ್ಣು ತುಳಿದು ತುಳಿದು ಹದವಾದ ಪಾದವನ್ನು ಒರೆಸಿಕೊಳ್ಳುತ್ತ ಬಂದೇಬಿಟ್ಟಳು.

"ಬ್ಯಾಡ್ರಿ! ಡಾಕ್ಟರು ಕೈ ಹಚ್ಚಬ್ಯಾಡ್ರಿ ಅಂದಾರ!" ವಿದ್ಯಾ ಸಾರಿನ ಬಕೀಟು ಹಿಡಿದುಕೊಂಡೇ ಓಡಿ ಬಂದಳು.

"ಅವರು ಅಂದದ್ದು ಖರೆ ಐತಿ ಬಿಡವಾ. ನಾ ಎಲ್ಲಿ ಕೈ ಹಚ್ಚತೇನಿ? ಕಾಲು ಹಚ್ಚತೇನಿ."

ಪಾದ ಮೇಲೆದ್ದಿತು. ಶುಭಮ್ ಒಮ್ಮೆ ಅದನ್ನು ನೋಡಿದ, ಒಮ್ಮೆ ಅವ್ವನನ್ನು ನೋಡಿದ. ಆಮೇಲೆ ಮನೆ ಹಾರಿಹೋಗುವಂತೆ ಕಿರುಚಿದ. "ನನಗೇನೂ ಆಗಿಲ್ಲಾ! ಮಮ್ಮಿ ಬಸ್ಸಿನ್ಯಾಗ ಕಟ್ಯಾಳ! ಹೋಳಿಗಿ ಈ ಕೈಲೆ ತಿನ್ನಬಾರದಂತ ಕಟ್ಯಾಳ!" ಹಲ್ಲಿನಿಂದ ಎಳೆದು ಪಟ್ಟಿಯನ್ನು ಬಿಚ್ಚಿ ಬಿಸಾಕಿ, ಗೀರೂ ಇಲ್ಲದ ಎಡಗೈಯಿಂದ ಹೋಳಿಗೆ ಎತ್ತಿ ಬಾಯಿ ತುಂಬ ಇಟ್ಟುಕೊಂಡ.

ಸಾಲೆಲ್ಲ ಹುಡುಗನತ್ತ ತಿರುಗಿತು. ಶ್ರೀಶೈಲ ಮಾತ್ರ ತನ್ನ ಪತ್ರಾವಳಿಯಲ್ಲಿ ಏನೋ ಕಳೆದುಹೋದಂತೆ ಹುಡುಕುತ್ತಿದ್ದ. ವಿದ್ಯಾ ಕಣ್ಣು ಮುಚ್ಚಿ, ಬರಬೇಕಾದ ಮಾತಿಗೆ ಕಾದಳು.

"ಲೇ, ಎಡಗೈ!" ಎಂದು ಯಲ್ಲಪ್ಪ ಕೂತಲ್ಲೇ ತೊಡೆ ತಟ್ಟಿದ. "ನಮ್ಮ ಉದ್ದಪ್ಪ ಕಾಕಾನ ಕೈ ಬಂದೈತಿ! ಅಂವಾ ಎಡಗೈಲೆ ಪಟ್ಟು ಹಾಕಿದ್ರ ಎದುರಿನ ಪೈಲ್ವಾನಗ ಮುಗಲು ಯಾವ ಕಡಿ, ನೆಲ ಯಾವ ಕಡಿ ತಿಳೀತಿರಲಿಲ್ಲ."

"ನಿಮ್ಮ ಉದ್ದಪ್ಪ ಕಾಕಾ ಅಖಾಡೇದಾಗ ಮಲಗಿದ್ದಽ ಹೆಚ್ಚು" ಎಂದಳು ಬಾಳವ್ವ. "ಇದು ನಮ್ಮ ತವರಮನಿ ಕೈ. ನಮ್ಮವ್ವ ಎಡಗೈಲೆ ರೊಟ್ಟಿ ಬಡದ್ರ ಧುಪದಾಳ ತನಕಾ ಕೇಳತಿತ್ತು. ದಿನಾ ಪೂಜಾಕ್ಕ ಲಿಂಗ ಇಟ್ಕೊಳ್ಳೂದು ಯಾವ ಕೈಯಾಗ? ಎಡಗೈಯಾಗಽ. ಅಂಥಾ ಕೈ ನಿಮ್ಮ ಕುಸ್ತಿ ಮಂದಿಗೆ ಎಲ್ಲಿಂದ ಬರಬೇಕು?"

"ರೊಟ್ಟಿ ಬಡ್ಯಾಕ ಗಂಡಹುಡಗ ಬೇಕೇನ? ಕಾಕಾನ ಕೈಯಽ ಇದು."

"ನಮ್ಮವ್ವಂದು!"

ವಿದ್ಯಾಳ ತಲೆಯಿಂದ ಬಂಡೆ ಇಳಿಯಬೇಕಿತ್ತು. ಸುಮ್ಮನಿದ್ದಿದ್ದರೆ ಇಳಿಯುತ್ತಿತ್ತು ಕೂಡ. ಆದರೆ ಆ ಕೈ ಅವಳಿಗೆ ಗೊತ್ತಿತ್ತು. ತನಗೆ ಅಕ್ಷರ ತಿದ್ದಿಸಿದ ಕೈ, ಅವ್ವನಿಗೆ ಜ್ವರ ಬಂದಾಗ ತನಗೆ ಎರಡು ಜಡೆ ಹೆಣೆದು ಶಾಲೆಗೆ ಕಳಿಸಿದ ಕೈ (ಎರಡೂ ಒಂದೇ ಕಡೆಗೆ ವಾಲಿದ್ದವು). ಈಗ ಅದನ್ನು ಒಬ್ಬ ಸತ್ತ ಪೈಲ್ವಾನನೂ ಒಬ್ಬ ಸತ್ತ ರೊಟ್ಟಿಯಜ್ಜಿಯೂ ಪಾಲು ಹಾಕಿಕೊಳ್ಳುತ್ತಿದ್ದಾರೆ!

"ಯಾರದೂ ಅಲ್ರಿ! ಅದು ನಮ್ಮಪ್ಪನ ಕೈ!" ಕೈಯಲ್ಲಿದ್ದ ಸಾರಿನ ಸೌಟು ಬಾವುಟದಂತೆ ಮೇಲೆದ್ದಿತು. "ನಮ್ಮಪ್ಪ ಎಡಚ! ಹುಟ್ಟಾ ಎಡಚ!"

ಸಾರು ಇಬ್ಬರು ಅತಿಥಿಗಳ ಮೇಲೆ ಸಮನಾಗಿ ಬಿತ್ತು.

"ಅದು ಗೊತ್ತೈತಿ ಬಿಡವಾ" ಎಂದಳು ಬಾಳವ್ವ, ಏನೂ ಆಗದವಳಂತೆ.

"ಗೊತ್ತೈತಿ? ಹ್ಯಾಂಗ್ರಿ?"

"ನಿಶ್ಚಯದ ದಿನ ಬೆಳಗಾವ್ಯಾಗ ಊಟಕ್ಕ ಕುಂತಾಗ ಬೀಗರ ಎಡಗೈಗೆ ಇಷ್ಟು ದಪ್ಪ ಪಟ್ಟಿ ಇತ್ತಲ್ಲ?"

"ಅವತ್ತ ಅಪ್ಪನ ಕೈ ಮ್ಯಾಲ ಬಿಸಿ ಎಣ್ಣಿ ಬಿದ್ದಿತ್ರಿ. ಅವ್ವನಽ ಹೇಳಿದ್ಳು. ನಾ ಕೋಣ್ಯಾಗ ಕುಂತು ಎಷ್ಟು ಅತ್ತಿದ್ದೆ..." ಎನ್ನುತ್ತಿದ್ದ ವಿದ್ಯಾಳ ಕಣ್ಣು ನೆಲದ ಮೇಲೆ ಬಿದ್ದಿದ್ದ ಮಗನ ಪಟ್ಟಿಯತ್ತ ಹೋಯಿತು. ಸೌಟು ನಿಧಾನವಾಗಿ ಕೆಳಗಿಳಿಯಿತು.

"ಎಣ್ಣಿ? ನಿಮ್ಮವ್ವ ನನಗ ಸ್ಕೂಟರ್ ಮ್ಯಾಲಿಂದ ಬಿದ್ದಾರ ಅಂದಿದ್ರು" ಎಂದ ಯಲ್ಲಪ್ಪ.

"ಪಾಪ, ಬಲಗೈಲೆ ಉಣ್ಣಾಕ ಹೋಗಿ ಸಾರೆಲ್ಲ ಅಂಗಿ ಮ್ಯಾಲ ಚೆಲ್ಲಿಕೊಂಡ್ರು" ಎಂದಳು ಬಾಳವ್ವ. "ಕಡೀಕ ಯಾರೂ ನೋಡವಲ್ರು ಅಂತ ತಿಳದು, ಪಟ್ಟಿ ಕಟ್ಟಿದ ಕೈಲೇನಽ ಹೋಳಿಗಿ ತಿಂದ್ರು. ನಾ ನೋಡಿ, ಇನ್ನೊಂದು ಹಾಕಿಸಿದೆ."

ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಗು ಹಬ್ಬಿತು. ವಿದ್ಯಾ ಸೌಟನ್ನು ಬಕೀಟಿಗೆ ಹಾಕಿ ಅದರ ಪಕ್ಕದಲ್ಲೇ ಕೂತುಬಿಟ್ಟಳು. "ಮತ್ತ... ಆವಾಗ ಯಾಕ ಏನೂ ಅನ್ನಲಿಲ್ರಿ ಅತ್ತಿ?"

"ಅನ್ನೂದೇನೈತಿ? ಮೊಮ್ಮಗಗ ಅಜ್ಜನ ಎಡಗೈ ಬಂದ್ರ ಬರಲಿ, ಆ ಪಟ್ಟಿ ಕಟ್ಟೂ ಚಟ ಒಂದು ಸೊಸಿಗೆ ಬರದಿರಲಪ್ಪಾ ಅಂತ ಬಸವಣ್ಣಗ ಕಾಯಿ ಒಡಸಿದ್ದೆ" ಎಂದು ಬಾಳವ್ವ ನಿಟ್ಟುಸಿರು ಬಿಟ್ಟಳು. "ಕಾಯಿ ದಂಡ ಆತು ನೋಡವಾ."